ಚನ್ನಪಟ್ಟಣದ ಗೊಂಬೆ: ಬಣ್ಣವನ್ನು ಕುರಿತು

ಚನ್ನಪಟ್ಟಣದ ಗೊಂಬೆಗಳನ್ನು ಕುರಿತ ಅನೇಕ ಬರಹಗಳು ಟಿಪ್ಪುವಿನ ಕಾಲದ ಪ್ರತೀತಿಗೆ ಕೊಟ್ಟಷ್ಟು ಗಮನವನ್ನು ಅವುಗಳ ಬಣ್ಣಕ್ಕೆ ಕೊಟ್ಟಿಲ್ಲ. 'ಬಣ್ಣ ಬಳಿಯುವುದು' ಎಂಬ ಮಾತೇ ಇಲ್ಲಿ ಸಲ್ಲದು. ಲೇತಿನಲ್ಲಿ ತಿರುಗುವ ಹಾಲೆಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ, ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಗರಿ ಅದನ್ನು ಸಮನಾಗಿ ಹರಡಿ ಹೊಳಪು ತರುತ್ತದೆ. ಬಣ್ಣವು ಪಟ್ಟೆಪಟ್ಟೆಯಾಗಿ ಗೊಂಬೆಯನ್ನು ಸುತ್ತುವರಿಯುವುದು ಆ ತಿರುಗುವಿಕೆಯಿಂದಲೇ. ಕುಂಚಕ್ಕೆ ಉಳಿಯುವುದು ಕಣ್ಣು, ಬಾಯಿಗಳಷ್ಟೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಾದರೋ ಕೆತ್ತಿದ ಮೂರ್ತಿಗೆ ಲೇಪ ಕೊಟ್ಟು, ಉಡುಗೆ ತೊಡುಗೆಗಳನ್ನೂ ಕುಂಚದಿಂದಲೇ ಬರೆಯುತ್ತಾರೆ. ಚನ್ನಪಟ್ಟಣದ ವರ್ಣವಿನ್ಯಾಸವನ್ನು 'ಸರಳ'ವೆಂದು ಬದಿಗಿಡುವ ವಿಮರ್ಶಕರು ಚಿತ್ರಕಾರನ ಅಳತೆಗೋಲಿನಿಂದ ಕಡೆತದ ಕೆಲಸವನ್ನು ಅಳೆದಿದ್ದಾರೆ. ಆಕಾರವೂ ಬಣ್ಣವೂ ಅಲ್ಲಿ ಒಂದೇ ಲೇತಿನ ಮೇಲೆ ಮೂಡುತ್ತವೆಂಬುದನ್ನು ಅವರು ಗಮನಿಸಿದಂತಿಲ್ಲ.