ಪಚ್ಚನಾಡಿಯ ಪ್ಲಾಸ್ಟಿಕ್ ಮನೆ

ಮಂಗಳೂರಿನ ಕಸವೆಲ್ಲ ಹೋಗಿ ಬೀಳುವ ಪಚ್ಚನಾಡಿಯಲ್ಲಿ 2020ರಲ್ಲಿ ‘ಪ್ಲಾಸ್ಟಿಕ್ಸ್ ಫಾರ್ ಚೇಂಜ್’ ಸಂಸ್ಥೆ ಒಂದು ಮನೆ ಕಟ್ಟಿಸಿತು. ಗೋಡೆಗೆ ಬಳಸಿದ್ದು ಗುಟ್ಕಾ ಪೊಟ್ಟಣ, ತೊಟ್ಟೆಗಳಂಥ ಗುಜರಿಯಲ್ಲೂ ಬೆಲೆಯಿಲ್ಲದ ಪ್ಲಾಸ್ಟಿಕ್. ಅದನ್ನು ಒತ್ತಿ ಮಾಡಿದ, ತಲಾ 25 ಕಿಲೋ ತೂಗುವ ಸುಮಾರು 60 ಹಲಗೆಗಳು. ಒಟ್ಟು 1,500 ಕಿಲೋ ಕಸ! ಹಲಗೆಗಳು ಮೊದಲೇ ಸಿದ್ಧವಾಗಿ ಬರುವುದರಿಂದ ಗೋಡೆಗಾಗಿ ಇಟ್ಟಿಗೆ ಸುಡಬೇಕಿಲ್ಲ, ಹೊಳೆಯ ಮರಳು ಬಗೆಯಬೇಕಿಲ್ಲ. ಕ್ಯೂರಿಂಗಿಗೆಂದು ದಿನಗಟ್ಟಲೆ ನೀರು ಹೊಡೆಯುವುದೂ ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಅಂಗಳದಲ್ಲಿ ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟಿನ ರಾಶಿ ಬಿದ್ದಿರುವುದಿಲ್ಲ. ಸುಮಾರು 4.5 ಲಕ್ಷ ರೂಪಾಯಿಯ ಈ ಮನೆ ಸಿಕ್ಕಿದ್ದು ಚಿಂದಿ ಆಯುವ ಮಹಿಳೆಯೊಬ್ಬರಿಗೆ. ಊರಿನ ಕಸ ಹೆಕ್ಕಿದವರಿಗೇ ಅದರ ಮೊದಲ ಫಲ ಸಂದಿತಲ್ಲ, ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.