ನಿರುದ್ಯೋಗದ ನಕ್ಷೆ, ಸಿರಿವಂತರ ಗೋಪುರ

ಅಮೆರಿಕದ 1990ರ ವಲಸೆ ಕಾಯ್ದೆಯಿಂದ ಹುಟ್ಟಿದ ಇಬಿ-5 ಯೋಜನೆ, ಅಲ್ಲಿ ಬಂಡವಾಳ ಹೂಡಿ ಕನಿಷ್ಠ ಹತ್ತು ಮಂದಿಗೆ ಪೂರ್ಣಾವಧಿಯ ಕೆಲಸ ಒದಗಿಸುವ ವಿದೇಶಿಯರಿಗೆ ಗ್ರೀನ್ ಕಾರ್ಡನ್ನು, ಅಂದರೆ ಕಾಯಂ ವಾಸದ ಹಕ್ಕನ್ನು ಕೊಡುತ್ತದೆ. 2008ರ ಆರ್ಥಿಕ ಕುಸಿತದ ನಂತರ ಬ್ಯಾಂಕುಗಳು ಸಾಲಕ್ಕೆ ಕೈ ಬಿಗಿಹಿಡಿದಾಗ ಕಟ್ಟಡ ನಿರ್ಮಾಣಗಾರರು ಈ ಹಣದತ್ತ ತಿರುಗಿದರು. ಇದೇ ಹಣದಿಂದ ಕಡಿಮೆ ವರಮಾನದವರ ಕೈಗೆಟುಕುವ ಮನೆಗಳನ್ನೂ ಕಟ್ಟಬಹುದೆಂಬ ವಾದವನ್ನು ಪರಿಶೀಲಿಸುವಾಗ, ಈ ಬಂಡವಾಳ ಅಷ್ಟು ಅಗ್ಗವಾಗಿ ದೊರೆಯುವುದೇಕೆ ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.

ಹೂಡಿಕೆದಾರರು ಎದುರುನೋಡುವುದು ಬಡ್ಡಿಯನ್ನಲ್ಲ, ಕುಟುಂಬದೊಡನೆ ನೆಲೆಸುವ ಹಕ್ಕನ್ನು. ಆದ್ದರಿಂದಲೇ ಅವರು ಅತ್ಯಲ್ಪ ಲಾಭಕ್ಕೂ ಒಪ್ಪುತ್ತಾರೆ. ಆ ಹಕ್ಕನ್ನು ಕೊಡುವುದು ಪ್ರಭುತ್ವವಾದ್ದರಿಂದ, ಬಡ್ಡಿಯಲ್ಲಿ ಉಳಿಯುವ ಹಣ ನ್ಯಾಯವಾಗಿ ಸಾರ್ವಜನಿಕರದ್ದು. ಅದು ಬಾಡಿಗೆದಾರರವರೆಗೆ ಇಳಿಯದೆ ನಿರ್ಮಾಣಗಾರರ ಬಳಿಯೇ ನಿಲ್ಲುವುದು ಈ ಯೋಜನೆಯ ಮೂಲ ದೋಷ.

ನ್ಯೂಯಾರ್ಕಿನ ಹಡ್ಸನ್ ಯಾರ್ಡ್ಸ್ ಇದಕ್ಕೆ ಕಣ್ಣಿಗೆ ಕಟ್ಟುವ ನಿದರ್ಶನ. ನಿರುದ್ಯೋಗದ ಪ್ರಮಾಣ ರಾಷ್ಟ್ರೀಯ ಸರಾಸರಿಯ ಒಂದೂವರೆ ಪಟ್ಟು ಇರುವ ಪ್ರದೇಶದಲ್ಲಿ ಹೂಡುವವರಿಗೆ ಕನಿಷ್ಠ ಮೊತ್ತವನ್ನು 10 ಲಕ್ಷ ಡಾಲರಿನಿಂದ 5 ಲಕ್ಷಕ್ಕೆ ಇಳಿಸಲಾಗಿತ್ತು; ಅಂಥ ಪ್ರದೇಶದ ಗಡಿ ಗುರುತಿಸುವ ಅಧಿಕಾರ ರಾಜ್ಯ ಸರ್ಕಾರಗಳ ಕೈಯಲ್ಲಿತ್ತು. ಮ್ಯಾನ್‌ಹಟನ್ನಿನ ಐಷಾರಾಮಿ ಗೋಪುರಗಳ ಈ ನಿವೇಶನವನ್ನು ಉತ್ತರಕ್ಕೆ ಹಾರ್ಲೆಮ್‌ವರೆಗಿನ ಜನಗಣತಿ ವಿಭಾಗಗಳೊಂದಿಗೆ ಸರಪಳಿಯಂತೆ ಜೋಡಿಸಿ, ಅಲ್ಲಿನ ಸರ್ಕಾರಿ ವಸತಿಗಳ ನಿವಾಸಿಗಳ ನಿರುದ್ಯೋಗವನ್ನು ಲೆಕ್ಕಕ್ಕೆ ತೆಗೆದುಕೊಂಡು, ಸುಮಾರು 120 ಕೋಟಿ ಡಾಲರ್ ಸಂಗ್ರಹಿಸಲಾಯಿತು. ಬಡವರ ಬಡತನ ಸಿರಿವಂತರ ಕಟ್ಟಡಕ್ಕೆ ಅರ್ಹತಾಪತ್ರವಾದ ಈ ಪ್ರಕರಣ ಕಾನೂನಿನ ಅಕ್ಷರವನ್ನು ಮೀರದಿರಬಹುದು, ಅದರ ಆಶಯವನ್ನಂತೂ ಬರಿದುಮಾಡಿತು.

ದೋಷ ನಕ್ಷೆಯದ್ದಷ್ಟೇ ಅಲ್ಲ, ಅಳತೆಗೋಲಿನದ್ದೂ ಹೌದು. ಹಲವರ ಹೂಡಿಕೆಯನ್ನು ಒಟ್ಟುಗೂಡಿಸುವ ‘ಪ್ರಾದೇಶಿಕ ಕೇಂದ್ರ’ಗಳಿಗೆ 1992ರಿಂದ ಅವಕಾಶವಿದ್ದು, ಅವು ಪರೋಕ್ಷ ಉದ್ಯೋಗಗಳನ್ನೂ ಆರ್ಥಿಕ ಮಾದರಿಗಳ ಮೂಲಕ ಅಂದಾಜಿಸಿ ತೋರಿಸಬಹುದು. ಇಂಥ ಮಾದರಿಗಳಲ್ಲಿ ಖರ್ಚು ಹೆಚ್ಚಿದಷ್ಟೂ ಉದ್ಯೋಗದ ಅಂಕಿ ಹೆಚ್ಚುವುದರಿಂದ, ಮಿತವ್ಯಯದಲ್ಲಿ ಕಟ್ಟಬೇಕಾದ ಬಡವರ ಮನೆ ಅಮೃತಶಿಲೆಯ ಗೋಪುರದ ಮುಂದೆ ಸೋಲಲೇಬೇಕು. ಜೊತೆಗೆ, ಕೆಲವೇ ವರ್ಷಗಳಲ್ಲಿ ಅಸಲು ಹಿಂತಿರುಗಬೇಕೆಂಬ ಹೂಡಿಕೆದಾರರ ನಿರೀಕ್ಷೆಗೂ ದಶಕಗಟ್ಟಲೆ ತಗ್ಗಿನಲ್ಲೇ ಇರಬೇಕಾದ ಬಾಡಿಗೆಗೂ ಹೊಂದಾಣಿಕೆಯಾಗುವುದು ಕಷ್ಟ. 1986ರಲ್ಲಿ ಆರಂಭವಾದ ಕಡಿಮೆ ವರಮಾನದ ವಸತಿ ತೆರಿಗೆ ರಿಯಾಯಿತಿಯೂ ಖಾಸಗಿ ಬಂಡವಾಳವನ್ನೇ ಅವಲಂಬಿಸಿದೆ. ಆದರೆ ಅಲ್ಲಿ ರಿಯಾಯಿತಿ ಪಡೆದ ಕಟ್ಟಡದ ಬಾಡಿಗೆಯನ್ನು ಸಾಮಾನ್ಯವಾಗಿ 30 ವರ್ಷ ಮಿತಿಯಲ್ಲಿಡುವ ಕರಾರು ಇರುತ್ತದೆ. ಇಬಿ-5ರಲ್ಲಿ ಕಾಣದಿರುವುದು ಈ ಕರಾರೇ.

ಪೋರ್ಚುಗಲ್ 2012ರಿಂದ ಮನೆ ಕೊಂಡ ವಿದೇಶಿಯರಿಗೆ ನೀಡುತ್ತಿದ್ದ ವಾಸದ ಪರವಾನಗಿಯನ್ನು 2023ರಲ್ಲಿ, ವಸತಿ ಬಿಕ್ಕಟ್ಟಿನ ನಡುವೆ ನಿಲ್ಲಿಸಿತು. ಅಲ್ಲಿ ಹಣ ಈಗಾಗಲೇ ಇದ್ದ ಮನೆಗಳ ಖರೀದಿಗೂ ಹರಿದಿತ್ತಾದ್ದರಿಂದ, ಇಂಥ ಹಣ ವಸತಿ ಬಿಕ್ಕಟ್ಟನ್ನು ಹೆಚ್ಚಿಸುತ್ತದೆಂಬ ಆಕ್ಷೇಪವನ್ನು ಇಬಿ-5ರ ಮೇಲೆ ಯಥಾವತ್ತಾಗಿ ಹೊರಿಸಲಾಗದು.

ಇಬಿ-5ರ 2022ರ ಸುಧಾರಣಾ ಕಾಯ್ದೆ ಇಂಥ ನಿರುದ್ಯೋಗಪೀಡಿತ ಪ್ರದೇಶಗಳ ಕನಿಷ್ಠ ಮೊತ್ತವನ್ನು 8 ಲಕ್ಷ ಡಾಲರಿಗೆ ಏರಿಸಿ, ಗಡಿ ಗುರುತಿಸುವ ಅಧಿಕಾರವನ್ನು ರಾಜ್ಯಗಳಿಂದ ಹಿಂಪಡೆದದ್ದು ಮೆಚ್ಚತಕ್ಕ ಕ್ರಮ. ಆದರೆ ಅದು ಶೇ. 20ರಷ್ಟು ವೀಸಾಗಳನ್ನು ಗ್ರಾಮೀಣ ಪ್ರದೇಶಕ್ಕೆ, ಶೇ. 10ರಷ್ಟನ್ನು ನಿರುದ್ಯೋಗಪೀಡಿತ ಪ್ರದೇಶಕ್ಕೆ, ಶೇ. 2ರಷ್ಟನ್ನು ಮೂಲಸೌಕರ್ಯಕ್ಕೆ ಮೀಸಲಿಟ್ಟಿತೇ ಹೊರತು ವಸತಿಯನ್ನು ಹೆಸರಿಸಲಿಲ್ಲ. ಪ್ರಾದೇಶಿಕ ಕೇಂದ್ರಗಳ ಅವಧಿ 2027ರ ಸೆಪ್ಟೆಂಬರಿನಲ್ಲಿ ಮುಗಿಯಲಿದ್ದು, ಅದನ್ನು ವಿಸ್ತರಿಸುವ ಮಸೂದೆಯಲ್ಲಿ ಉದ್ಯೋಗದ ಎಣಿಕೆಯ ಜೊತೆಗೆ ಮನೆಗಳ ಎಣಿಕೆಯೂ ಬಾಡಿಗೆಯ ಮಿತಿಯೂ ಷರತ್ತಾಗಿ ಸೇರದಿದ್ದರೆ, ಹಾರ್ಲೆಮ್‌ನಂಥ ಬಡಾವಣೆಗಳ ಜನರಿಗೆ ಈ ಯೋಜನೆಯಿಂದ ಒಂದು ಕೋಣೆಯೂ ದಕ್ಕುವ ಖಾತರಿಯಿರುವುದಿಲ್ಲ.