ಕಾಂಪ್ಲಿಮೆಂಟ್: ಬಾಕಿ ತುಂಬುವ ಪದ

ಜಾಹೀರಾತು ಬರೆಯುವವರಿಗೆ ‘ಕಾಂಪ್ಲಿಮೆಂಟ್’ ಎಂಬ ಇಂಗ್ಲಿಷ್ ಪದದ ಮೇಲೆ ಬಹಳ ಪ್ರೀತಿ. ಓಲೆ ಸೀರೆಯನ್ನು ಕಾಂಪ್ಲಿಮೆಂಟ್ ಮಾಡುತ್ತದೆ, ಪರದೆ ಸೋಫಾವನ್ನು ಕಾಂಪ್ಲಿಮೆಂಟ್ ಮಾಡುತ್ತದೆ. ಅಲ್ಲೆಲ್ಲ ಅದಕ್ಕೆ ಚೆನ್ನಾಗಿ ಹೊಂದುತ್ತದೆ ಅಂತಷ್ಟೇ ಅರ್ಥ. ಈ ಪ್ರಯೋಗವನ್ನು ನಿಘಂಟುಗಳೂ ಒಪ್ಪಿವೆ, ತಪ್ಪೆನ್ನಲಾಗದು. ಆದರೂ ಇಷ್ಟು ಗಟ್ಟಿಯಾದ ಪದ ಹೀಗೆ ಸವೆಯುತ್ತಿರುವುದು ಕಂಡರೆ ನನಗೆ ಬೇಸರವಾಗುತ್ತದೆ. ಹೊಂದುವುದು ಬೇರೆ, ತುಂಬುವುದು ಬೇರೆ. ಕಾಂಪ್ಲಿಮೆಂಟ್ ತುಂಬುವ ಪದ. ಎಷ್ಟು ತುಂಬಬೇಕು ಎಂಬ ಲೆಕ್ಕವೂ ಅದರೊಳಗೇ ಇದೆ.

ಲ್ಯಾಟಿನ್ನಿನಲ್ಲಿ ‘ಕಾಂಪ್ಲೇರೆ’ ಎಂದರೆ ಪೂರ್ತಿಯಾಗಿ ತುಂಬಿಸು. ‘ಕಂಪ್ಲೀಟ್’ ಬಂದದ್ದೂ ಅಲ್ಲಿಂದಲೇ. ಇನ್ನೂ ಹಿಂದಕ್ಕೆ ಹೋದರೆ ಈ ಲ್ಯಾಟಿನ್ ಧಾತುವೂ ಸಂಸ್ಕೃತದ ‘ಪೂರ್ಣ’ವೂ ಒಂದೇ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರುತ್ತವೆ. ಹಾಗಾಗಿ ನಮ್ಮ ಗಣಿತ ಪುಸ್ತಕಗಳು ಕಾಂಪ್ಲಿಮೆಂಟಿಗೆ ‘ಪೂರಕ’ ಎಂದು ಬರೆದಾಗ ದೂರದ ನೆಂಟಸ್ತಿಕೆಯೊಂದು ಮತ್ತೆ ಕೂಡಿಬಂತು. ಯುರೋಪಿನ ಲಾಂಛನಶಾಸ್ತ್ರದಲ್ಲಿ ಹುಣ್ಣಿಮೆಯ ಚಂದ್ರನನ್ನು ‘ಇನ್ ಹರ್ ಕಾಂಪ್ಲಿಮೆಂಟ್’ ಎಂದು ವರ್ಣಿಸುವ ರೂಢಿಯಿದೆ. ಹಡಗಿನ ಕಾಂಪ್ಲಿಮೆಂಟ್ ಎಂದರೆ ಆ ಹಡಗಿಗೆ ನಿಗದಿಯಾದ ಅಷ್ಟೂ ಸಿಬ್ಬಂದಿ. ಒಬ್ಬ ಕಡಿಮೆಯಾದರೂ ಕಾಂಪ್ಲಿಮೆಂಟ್ ಭರ್ತಿಯಾಗಲಿಲ್ಲ ಎಂದೇ ಲೆಕ್ಕ.

ಇಲ್ಲಿ ಅದು ತುಂಬಿದ ಮೊತ್ತ. ಗಣಿತಕ್ಕೆ ಬಂದರೆ ತುಂಬಲು ಬೇಕಾದ ಬಾಕಿ. 35 ಡಿಗ್ರಿಯ ಕೋನಕ್ಕೆ 55 ಡಿಗ್ರಿ ಪೂರಕ, ಏಕೆಂದರೆ ಒಟ್ಟು 90 ಆಗಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೇವೆ. ಗಣಗಳ ವಿಷಯವೂ ಹೀಗೆಯೇ. ಸಮಸಂಖ್ಯೆಗಳ ಪೂರಕ ಗಣ ಯಾವುದು ಎಂದು ಕೇಳಿದರೆ ಬೆಸಸಂಖ್ಯೆಗಳು ಎಂದು ಹೇಳಿಬಿಡುತ್ತೇವೆ. ಪೂರ್ಣಾಂಕಗಳಷ್ಟನ್ನೇ ಎಣಿಸುತ್ತಿದ್ದರೆ ಸರಿ. ಭಿನ್ನರಾಶಿಗಳನ್ನೂ ಒಳಗೆ ಬಿಟ್ಟುಕೊಂಡರೆ ಅರ್ಧ, ಕಾಲು, ಮುಕ್ಕಾಲು ಎಲ್ಲ ಪೂರಕ ಗಣಕ್ಕೇ ಸೇರುತ್ತವೆ. ಒಟ್ಟು ಎಷ್ಟು ಎನ್ನುವುದು ತಿಳಿಯದೆ ಕಾಂಪ್ಲಿಮೆಂಟ್ ಯಾವುದು ಎಂದು ಹೇಳಲಾಗುವುದಿಲ್ಲ. ಈ ಪದದ ಜೀವ ಇರುವುದೇ ಅಲ್ಲಿ.

ಸಪ್ಲಿಮೆಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಂದಲೇ ಸ್ಪಷ್ಟವಾಗುತ್ತದೆ. ಪತ್ರಿಕೆಯ ಸಪ್ಲಿಮೆಂಟಿಗೆ ನಾವು ‘ಪುರವಣಿ’ ಎನ್ನುತ್ತೇವೆ. ಅದು ಬರದ ದಿನವೂ ಪತ್ರಿಕೆ ಪತ್ರಿಕೆಯೇ. ಕನ್ನಡದ ‘ಪೂರಕ’ ಮಾತ್ರ ಎರಡೂ ಕೆಲಸ ಮಾಡುತ್ತಿದೆ. ಎಸ್ಸೆಸ್ಸೆಲ್ಸಿಯಲ್ಲಿ 2023ರವರೆಗೆ ನಡೆಯುತ್ತಿದ್ದ ಪೂರಕ ಪರೀಕ್ಷೆ, ವಿಧಾನಮಂಡಲದಲ್ಲಿ ಮಂಡನೆಯಾಗುವ ಪೂರಕ ಅಂದಾಜು, ಎರಡೂ ಇಂಗ್ಲಿಷಿನಲ್ಲಿ ಸಪ್ಲಿಮೆಂಟರಿ. ಅನುವಾದ ಮಾಡುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಕಾಂಪ್ಲಿಮೆಂಟ್ ಅತ್ಯಂತ ಸೊಗಸಾಗಿ ಅಡಗಿ ಕೂತಿರುವುದು ‘ಕೋಸೈನ್’ ಎಂಬ ಪದದ ‘ಕೋ’ದಲ್ಲಿ. ಹೈಸ್ಕೂಲಿನಲ್ಲಿ ಸೈನ್, ಕಾಸ್ ಎಂದು ಬಾಯಿಪಾಠ ಮಾಡಿಸುತ್ತಾರೆ, ಈ ‘ಕೋ’ ಏನೆಂದು ಹೇಳುವವರು ಕಡಿಮೆ. ಯುರೋಪಿನ ಗಣಿತಜ್ಞರು ‘ಪೂರಕ ಕೋನದ ಸೈನ್’ ಎಂಬರ್ಥದಲ್ಲಿ ಲ್ಯಾಟಿನ್ನಿನಲ್ಲಿ ‘ಸೈನಸ್ ಕಾಂಪ್ಲಿಮೆಂಟಿ’ ಎಂದು ಬರೆಯುತ್ತಿದ್ದರು. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ಅದನ್ನು ‘ಕೋ-ಸೈನಸ್’ ಎಂದು ಮೊಟಕುಗೊಳಿಸಿದ. 60 ಡಿಗ್ರಿಯ ಕೋಸೈನ್ ಎಂದರೆ 60ರ ಪೂರಕವಾದ 30 ಡಿಗ್ರಿಯ ಸೈನ್. ಅಲ್ಲಿ ಬೇರೆ ಗುಟ್ಟೇನೂ ಇಲ್ಲ.

ಇದೇ ಆಲೋಚನೆ ನಮ್ಮ ಜ್ಯೋತಿರ್ಗಣಿತದಲ್ಲಿ ಅದಕ್ಕೂ ಬಹಳ ಹಿಂದೆಯೇ ಇತ್ತು. ವೃತ್ತದ ಕಂಸ ‘ಚಾಪ’, ಅಂದರೆ ಬಿಲ್ಲು. ‘ಜ್ಯಾ’ ಅದರ ಹೆದೆ. ‘ಕೋಟಿ’ ಎಂದರೆ ಬಿಲ್ಲಿನ ತುದಿ. 90 ಡಿಗ್ರಿಗೆ ಉಳಿದ ಬಾಕಿಗೂ ಅದೇ ಹೆಸರು. ಆ ಬಾಕಿಯ ಜ್ಯಾ ‘ಕೋಟಿಜ್ಯಾ’, ಇಂದಿನ ಕೋಸೈನ್. ಕ್ರಿ.ಶ. 499ರ ಸುಮಾರಿನ ಆರ್ಯಭಟೀಯದಲ್ಲಿ ಕಾಲು ವೃತ್ತವನ್ನು 24 ಭಾಗ ಮಾಡಿದೆ, ಒಂದೊಂದೂ 3 ಡಿಗ್ರಿ 45 ನಿಮಿಷ. ಆರ್ಯಭಟ ಕೊಟ್ಟಿರುವುದು ಜ್ಯಾಗಳ ನಡುವಿನ ವ್ಯತ್ಯಾಸಗಳನ್ನು. ಒಂದೊಂದಾಗಿ ಕೂಡಿಸುತ್ತ ಹೋದರೆ ಎಂಟನೆಯದು 1719. ಅದು 30 ಡಿಗ್ರಿಯ ಜ್ಯಾ. ತ್ರಿಜ್ಯ 3438, ಸರಿಯಾಗಿ ಅದರರ್ಧ. ಹದಿನಾರನೆಯದು 2978, ಅದು 60 ಡಿಗ್ರಿಯದು. ಈಗ 30ರ ಕೋಟಿಜ್ಯಾ ಬೇಕೆನ್ನಿ. 24ರಲ್ಲಿ 8 ಕಳೆದು ಹದಿನಾರನೆಯದನ್ನು ಓದಿದರಾಯಿತು. ಇನ್ನೊಂದು ಕೋಷ್ಟಕದ ಅಗತ್ಯವೇ ಇಲ್ಲ. ಇರುವುದನ್ನೇ ಹಿಂದುಮುಂದಾಗಿ ಓದಿದರೆ ಸಾಕು. ಎಷ್ಟು ಸಲ ನೋಡಿದರೂ ನನಗೆ ಇದರ ಸಂತೋಷ ತೀರಿಲ್ಲ.

ಕಳೆಯುವ ಕೆಲಸವನ್ನು ಕೂಡುವುದರಿಂದಲೇ ಮುಗಿಸುವ ಜಾಣತನವೂ ಈ ಪದದ್ದೇ. ಹಳೆಯ ಕಿರಾಣಿ ಅಂಗಡಿಯವರು ಚಿಲ್ಲರೆ ಕೊಡುವುದನ್ನು ನೆನಪಿಸಿಕೊಳ್ಳಿ. 63 ರೂಪಾಯಿ ಸಾಮಾನಿಗೆ ನೂರರ ನೋಟು ಕೊಟ್ಟರೆ ಅವರು ಕಳೆಯುವ ಲೆಕ್ಕ ಹಾಕುತ್ತಿರಲಿಲ್ಲ. ಎರಡು ಕೊಟ್ಟು ಅರವತ್ತೈದು, ಐದು ಕೊಟ್ಟು ಎಪ್ಪತ್ತು, ಹತ್ತು ಕೊಟ್ಟು ಎಂಬತ್ತು, ಇಪ್ಪತ್ತು ಕೊಟ್ಟು ನೂರು. 1642ರಲ್ಲಿ ಲೆಕ್ಕದ ಯಂತ್ರ ಮಾಡಲು ಹೊರಟ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹಿಡಿದದ್ದೂ ಇದೇ ದಾರಿ. ಅವನ ಯಂತ್ರದ ಗಾಲಿಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದವು, ಕೂಡಬಲ್ಲವು, ಕಳೆಯಲಾರವು. ಆದ್ದರಿಂದ ಒಂಬತ್ತರ ಪೂರಕ. 83ರಲ್ಲಿ 27 ಕಳೆಯಬೇಕಾದರೆ, 27ರ ಪ್ರತಿ ಅಂಕಿಯನ್ನೂ 9ಕ್ಕೆ ತುಂಬಿಸಿದಾಗ ಬರುವ 72ನ್ನು 83ಕ್ಕೆ ಕೂಡಿಸಿದರೆ 155. ಮುಂದಿನ 1ನ್ನು ತೆಗೆದು ಕೊನೆಗೆ ಸೇರಿಸಿದರೆ 56. ಇವತ್ತಿನ ಕಂಪ್ಯೂಟರುಗಳು ಋಣಸಂಖ್ಯೆಗಳನ್ನು ಇಟ್ಟುಕೊಳ್ಳುವ ‘ಟೂಸ್ ಕಾಂಪ್ಲಿಮೆಂಟ್’ ವಿಧಾನ ಇದೇ ಜಾಣತನದ ದ್ವಿಮಾನ ರೂಪ.

ವ್ಯಾಕರಣದ ಕಾಂಪ್ಲಿಮೆಂಟಿಗೂ ಇದೇ ಸ್ವಭಾವ. ‘ಶಿ ಬಿಕೇಮ್’ ಎಂದು ನಿಲ್ಲಿಸಿದರೆ ವಾಕ್ಯ ತುಂಬಲಿಲ್ಲ. ಏನಾದಳು? ‘ಎ ಡಾಕ್ಟರ್’ ಎಂಬ ಕಾಂಪ್ಲಿಮೆಂಟ್ ಬಂದಮೇಲೆ ತುಂಬಿತು. ‘ಯೆಸ್ಟರ್ಡೇ’ ಎಂದು ಸೇರಿಸಿದರೆ ವಿವರ ಹೆಚ್ಚಾಯಿತು, ಖಾಲಿ ಜಾಗ ಹಾಗೇ ಉಳಿಯಿತು.

ಹೊಗಳಿಕೆಯ ‘ಕಾಂಪ್ಲಿಮೆಂಟ್’ ಉಚ್ಚಾರಣೆಯಲ್ಲಿ ಇದರ ಅವಳಿ. ಮೂಲವೂ ಅದೇ: ಶಿಷ್ಟಾಚಾರದ ಕರ್ತವ್ಯ ಪೂರೈಸುವುದು ಎಂಬರ್ಥದಲ್ಲಿ ಇಟಲಿ, ಸ್ಪೇನುಗಳ ಕಡೆಯಿಂದ ಫ್ರೆಂಚಿಗೆ ಬಂದು ಅಲ್ಲಿಂದ ಇಂಗ್ಲಿಷಿಗೆ ಇಳಿಯಿತು. ಶೇಕ್ಸ್‌ಪಿಯರನ ಕಾಲದಲ್ಲಿ ಎರಡಕ್ಕೂ ಒಂದೇ ಕಾಗುಣಿತ ನಡೆಯುತ್ತಿತ್ತು. ಈಗ ತುಂಬುವ ಪದದ ನಡುವೆ ಕಂಪ್ಲೀಟ್‌ನಲ್ಲಿರುವ ‘ಇ’ ಅಕ್ಷರ ಬರುತ್ತದೆ, ಹೊಗಳುವ ಪದದ ನಡುವೆ ‘ಐ’. ಹೋಟೆಲಿನಲ್ಲಿ ಪುಕ್ಕಟೆ ಕೊಡುವ ತಿಂಡಿಯೂ ‘ಐ’ ಕಡೆಗೇ ಸೇರಿದ್ದು.

ಈ ಪದವನ್ನು ಅತ್ಯಂತ ಯೋಗ್ಯವಾಗಿ ಬಳಸಿದವರು ಯಾರು ಎಂದು ಕೇಳಿದರೆ ನಾನು ರೋಗನಿರೋಧ ಶಾಸ್ತ್ರದವರ ಕಡೆ ಕೈತೋರಿಸುತ್ತೇನೆ. 1890ರ ದಶಕದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಬೆಲ್ಜಿಯಂನ ಜೂಲ್ಸ್ ಬೋರ್ಡೆ ರೋಗಾಣುವಿನ ವಿರುದ್ಧ ಬಲ ಪಡೆದ ಪ್ರಾಣಿಯ ಸೀರಮ್ಮನ್ನು 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದ. ಅದಕ್ಕೆ ರೋಗಾಣುಗಳನ್ನು ಒಡೆಯುವ ಶಕ್ತಿ ಹೋಯಿತು. ಆ ರೋಗವನ್ನೇ ಕಾಣದ ಪ್ರಾಣಿಯ ತಾಜಾ ಸೀರಮ್ಮನ್ನು ಚೂರು ಬೆರೆಸಿದ; ಶಕ್ತಿ ಮರಳಿತು. ತಾಜಾ ಸೀರಮ್ ಒಂಟಿಯಾಗಿ ಏನೂ ಮಾಡುತ್ತಿರಲಿಲ್ಲ, ಕಾಯಿಸಿದ್ದೂ ಒಂಟಿಯಾಗಿ ಮಾಡುತ್ತಿರಲಿಲ್ಲ. ಕಾವಿಗೆ ಕೆಡದ ಪ್ರತಿಕಾಯದ ಕೆಲಸವನ್ನು ಕಾವಿಗೆ ಕೆಡುವ ಇನ್ನೊಂದು ವಸ್ತು ಪೂರ್ತಿಗೊಳಿಸುತ್ತಿತ್ತು. ಅದಕ್ಕೆ ‘ಕಾಂಪ್ಲಿಮೆಂಟ್’ ಎಂದು ಹೆಸರಿಟ್ಟವನು ಜರ್ಮನಿಯ ಪಾಲ್ ಎರ್ಲಿಕ್. ಬೋರ್ಡೆಗೆ 1919ರ ನೊಬೆಲ್ ಬಂತು. ಒಂದೇ ವಸ್ತುವೆಂದುಕೊಂಡದ್ದು ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಸಾಲು ಎಂದು ಆಮೇಲೆ ತಿಳಿಯಿತು. ಲೂಪಸ್ ಕಾಯಿಲೆಯವರ ರಕ್ತಪರೀಕ್ಷೆಯ ವರದಿಯಲ್ಲಿ ‘ಸಿ3’, ‘ಸಿ4’ ಎಂದು ಕಾಣುವ ‘ಸಿ’ ಇದೇ ಕಾಂಪ್ಲಿಮೆಂಟ್. ಕಾಯಿಲೆ ಕೆರಳಿದಾಗ ಅವು ಖರ್ಚಾಗಿ ಪ್ರಮಾಣ ಇಳಿಯುವುದುಂಟು, ಡಾಕ್ಟರು ಆ ಸಾಲನ್ನು ನೋಡುವುದು ಅದಕ್ಕೇ.